ಮೀನಿನ ತೊಟ್ಟಿಗೆ ಅತ್ತೆ ಮಾಡಿದ ಲೈಟು

ಫೆಬ್ರವರಿ ೪

ಸೊಸೆಗೆ ಅತ್ತೆಯ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಗಂಡ ಬೇಕರಿಯಿಂದ ಬರುವಾಗ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಬರುತ್ತಾನೆ, ನಾನು ಬಾಗಿಲಲ್ಲೇ ನಿಲ್ಲಿಸಿ ಝಾಡಿಸಿ ಒಳಗೆ ಬಿಡುತ್ತೇನೆ. ನಿನ್ನ ಮೀನುಗಳೂ ಚೆನ್ನಾಗಿವೆ. ಹಡಗು ಹತ್ತುವಾಗ ನೀನು ಹೇಳಿದ ಹಾಗೆ ಚಿಟಿಕೆಯಷ್ಟೇ ಆಹಾರ ಹಾಕುತ್ತಿದ್ದೇನೆ. ನನ್ನನ್ನು ಕಂಡರೆ ಗಾಜಿನ ಹತ್ತಿರ ಓಡಿ ಬರುತ್ತವೆ. ಹಾಗೆಂದು ನನಗೆ ಅವುಗಳ ಮೇಲೆ ಪ್ರೀತಿ ಬಂದಿದೆ ಎಂದು ತಿಳಿಯಬೇಡ. ನಾನು ಬಟ್ಟೆ ಹೊಲಿಯುವ ಕೋಣೆಯಲ್ಲಿ ಅರ್ಧ ಗೋಡೆ ನುಂಗಿ ಕೂತಿರುವ ಆ ತೊಟ್ಟಿಯನ್ನು ಈಗಲೂ ಕೆರೆ ಎಂದೇ ಕರೆಯುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಹಡಗಿನ ಫೋನಿನಲ್ಲಿ ಮಾತಾಡುವಾಗ ನಿನ್ನ ಹಿಂದೆ ನಾಲ್ಕು ಜನ ಸರದಿಗೆ ನಿಂತಿರುತ್ತಾರೆ, ನಿನಗೂ ಅವಸರ, ನನಗೂ ಮಾತು ಹೊರಡುವುದಿಲ್ಲ. ಅದಕ್ಕೆ ಈ ಕಾಗದ.

ನನ್ನ ಗಿರಾಕಿಯೊಬ್ಬಳಿದ್ದಾಳೆ, ಪರದೆ ಹೊಲಿಸಲು ಬಂದವಳು. ಅವಳ ಮನೆಯಲ್ಲೂ ಇಂಥದೇ ತೊಟ್ಟಿ ಇದೆಯಂತೆ. ಮೇಲಿನ ಟ್ಯೂಬ್‌ಲೈಟು ಒಂದು ಸಂಜೆ ಇದ್ದಕ್ಕಿದ್ದಂತೆ ಮಿಟುಕಿ ಮಿಟುಕಿ ಆರಿಹೋಯಿತಂತೆ. ಅವಳು ಏನೂ ಮಾಡಿಲ್ಲ, ಮುಟ್ಟಿಯೂ ಇಲ್ಲ. ಆ ಅಳತೆಯ ಟ್ಯೂಬು ಈಗ ಬರುವುದೇ ಇಲ್ಲ ಅಂದನಂತೆ ಅಂಗಡಿಯವನು. ತೊಟ್ಟಿ ಯಾರೋ ಮನೆಯಲ್ಲೇ ಕಟ್ಟಿದ್ದು, ಉದ್ದ ಜಾಸ್ತಿ, ಅಗಲ ಕಡಿಮೆ, ರೆಡಿಮೇಡ್ ಲೈಟು ಯಾವುದೂ ಅದರ ಮೇಲೆ ಕೂರುವುದಿಲ್ಲ. ಬೆಳಕಿಲ್ಲದೆ ನೀರಿನ ಗಿಡ ಎಷ್ಟು ದಿನ ತಡೆಯುತ್ತದೆ ಎಂದು ಕೇಳುತ್ತಿದ್ದಾಳೆ. ಪಾಪ, ಆ ತೊಟ್ಟಿ ಅವಳದಲ್ಲವಂತೆ, ಮನೆಯಲ್ಲಿ ಬೇರೆಯವರದು.

ಬೇಗ ಬರೆ. ದಿನಾ ಬಂದು ನನ್ನ ತಲೆ ತಿನ್ನುತ್ತಾಳೆ.

ನಿನ್ನ ಅತ್ತೆ

ಫೆಬ್ರವರಿ ೨೧

ಅತ್ತೆಯವರಿಗೆ ನಮಸ್ಕಾರ.

ಹಡಗು ಇವತ್ತು ಬೆಳಿಗ್ಗೆ ಬಂದರಿಗೆ ಬಂತು, ಏಜೆಂಟು ನಿಮ್ಮ ಕಾಗದ ತಂದುಕೊಟ್ಟ. ಎಂಜಿನ್ ಕೋಣೆಯ ಮೆಟ್ಟಿಲ ಮೇಲೆ ಕೂತೇ ಓದಿದೆ. ಈ ಸಲ ಹಡಗಿಗೆ ಎಲೆಕ್ಟ್ರಿಷಿಯನ್ ಅಂತ ಇರುವುದು ನಾನೊಬ್ಬಳೇ. ಅಡುಗೆಮನೆಯ ಒಲೆ ಕೆಟ್ಟರೂ ನಾನೇ, ಡೆಕ್ಕಿನ ದೀಪ ಆರಿದರೂ ನಾನೇ.

ನಿಮ್ಮ ಗಿರಾಕಿಗೆ ಹೇಳಿ, ಮೀನುಗಳಿಗೆ ಬೆಳಕಿಲ್ಲದಿದ್ದರೂ ಹೇಗೋ ನಡೆಯುತ್ತದೆ, ಗಿಡಕ್ಕೆ ನಡೆಯುವುದಿಲ್ಲ. ಕೆಲವು ವಾರ ಬೇರಿನಲ್ಲಿ ಕೂಡಿಟ್ಟದ್ದನ್ನು ತಿಂದುಕೊಂಡಿರುತ್ತದೆ, ಆಮೇಲೆ ಎಲೆ ತೆಳುವಾಗುತ್ತಾ ಕರಗಿಹೋಗುತ್ತದೆ. ಈಗ ಎಲ್‌ಇಡಿ ಪಟ್ಟಿ ಸುರುಳಿಯಾಗಿ ಸಿಗುತ್ತದೆ, ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ಯಾರಾದರೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಲಿ. ದಿನಕ್ಕೆ ಎಂಟು ಗಂಟೆ ಉರಿಸಿದರೆ ಸಾಕು.

ಗಿಡದ ಮಾತು ಬಂತೆಂದು ಹೇಳುತ್ತೇನೆ. ನಮ್ಮ ತೊಟ್ಟಿಯ ಬಲಮೂಲೆಯಲ್ಲಿ ಅಗಲ ಎಲೆಯ ಗಿಡವಿದೆಯಲ್ಲ, ಅದನ್ನು ಅಪ್ಪ ಬೆರಳುದ್ದದ ಬೇರಿನಿಂದ ಬೆಳೆಸಿದ್ದು. ತೊಟ್ಟಿ ಕಟ್ಟಿದ್ದೂ ಅವರೇ. ಅಪ್ಪ ಹೋದ ಮೇಲೆ ಅವರ ಕೈ ಮುಟ್ಟಿದ್ದರಲ್ಲಿ ಇನ್ನೂ ಜೀವ ಇರುವುದು ಅದೊಂದಕ್ಕೇ. ಇದನ್ನು ನಿಮಗೆ ಹಿಂದೆ ಹೇಳಿರಲಿಲ್ಲ. ಹೇಳಿದರೆ ನೀವು ತೊಟ್ಟಿಯನ್ನು ಬೈಯುವುದು ನಿಲ್ಲಿಸಿಬಿಡುತ್ತೀರಿ, ಆಮೇಲೆ ಮನೆ ಬಿಕೋ ಅನ್ನುತ್ತದೆ.

ನಿಮ್ಮ ಸೊಸೆ

ಮಾರ್ಚ್ ೧೦

ಸೊಸೆಗೆ,

ನಿನ್ನ ಕಾಗದವನ್ನು ಗಿರಾಕಿಗೆ ಓದಿ ಹೇಳಿದೆ. ನಿನ್ನ ಅಪ್ಪನ ವಿಷಯ ಮಾತ್ರ ಓದಲಿಲ್ಲ, ಅದನ್ನು ನಾನೇ ಎರಡು ಸಲ ಓದಿಕೊಂಡೆ. ನಮ್ಮ ಬಲಮೂಲೆಯ ಗಿಡದ ಯೋಚನೆ ನಿನಗೆ ಬೇಡ.

ಗಿರಾಕಿ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ತೊಟ್ಟಿಯ ಸುತ್ತ ಒಂದು ಸುತ್ತು ಬಂದು, "ಅಮ್ಮಾ, ಇದನ್ನ ಗುಜರಿಗೆ ಹಾಕಿ. ಒಂದು ಗಾಜಿನ ಬಟ್ಟಲು ತಗೊಂಡು ಎರಡು ಮೀನು ಬಿಟ್ಕೊಳ್ಳಿ, ನಿಮಗೂ ಸುಖ, ನನಗೂ ಸುಖ" ಅಂದನಂತೆ. ಅವಳು ಅವನನ್ನು ಬಾಗಿಲವರೆಗೆ ಬಿಟ್ಟು ಬಂದು ತಾನೇ ಟೊಂಕ ಕಟ್ಟಿ ನಿಂತಳು.

ಪಟ್ಟಿಯ ಸುರುಳಿ ತಂದಳು. ಬಿಚ್ಚಿ ನೋಡಿದರೆ ಲೇಸಿನ ಸುರುಳಿಯ ಹಾಗೇ ಇತ್ತು, ಅದಕ್ಕೇ ಧೈರ್ಯ ಬಂತು ಅಂದಳು. ರೇಡಿಯೋ ರಿಪೇರಿಯವನ ಅಂಗಡಿಯಲ್ಲಿ ನಿಂತು ತಂತಿ ಬೆಸೆಯುವುದನ್ನು ನೋಡಿ ಕಲಿತಳು. ತೊಟ್ಟಿಯ ಉದ್ದವನ್ನು ಟೇಪು ಹಿಡಿದು ಅಳೆದು, ಮಡಚಿಕೊಳ್ಳಲು ಇರಲಿ ಎಂದು ಎರಡು ಬೆರಳು ಹೆಚ್ಚು ಬಿಟ್ಟು, ಮೂರು ಪದರ ಒಂದರ ಮೇಲೊಂದಿಟ್ಟು ಒಂದೇ ಏಟಿಗೆ ಕತ್ತರಿ ಹಾಕಿದಳು. ಪಟ್ಟಿಯ ಮೇಲೆ ಅಲ್ಲಲ್ಲಿ ಕತ್ತರಿಯ ಪುಟ್ಟ ಚಿತ್ರ ಅಚ್ಚು ಹಾಕಿದ್ದರಂತೆ. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕತ್ತರಿ ಹಿಡಿದವಳಿಗೆ ಎಲ್ಲಿ ಕತ್ತರಿಸಬೇಕೆಂದು ಹೇಳಿಕೊಡಲು ಇವರ್ಯಾರು?

ಇಸ್ತ್ರಿ ಮೇಜಿನ ದಪ್ಪ ಕಂಬಳಿಯನ್ನು ಹಲಗೆಗೆ ಸುತ್ತಿ, ಅದರ ಮೇಲೆ ಮೂರು ಸಾಲು ಅಂಟಿಸಿದಳು. ಹತ್ತಿಕೊಂಡಾಗ ಮನೆಯೆಲ್ಲ ಹಗಲಾಯಿತು. ಆದರೆ ಮೂರೂ ಸಾಲಿನ ಕೊನೆಯಲ್ಲಿ ಮಾತ್ರ ಕತ್ತಲೆ. ಸ್ವಲ್ಪ ಹೊತ್ತಿಗೆ ಕಂಬಳಿ ಕಾದು, ಅಂಟು ಬಿಟ್ಟು, ಒಂದು ಸಾಲು ಜಾರಿ ನೀರಿಗೆ ನಾಲ್ಕು ಬೆರಳು ಮೇಲೆ ನೇತಾಡತೊಡಗಿತು. ಅವಳು ಕೈಯಲ್ಲೇ ಎತ್ತಿ ಮತ್ತೆ ಅಂಟಿಸಿದಳು. ಎಲ್ಲಿ ತಪ್ಪಿದೆ, ಸ್ವಲ್ಪ ಹೇಳು.

ಅತ್ತೆ

ಮಾರ್ಚ್ ೨೮

ಅತ್ತೆಯವರಿಗೆ,

ಆ ಗಿರಾಕಿಗೆ ಇವತ್ತೇ ಹೇಳಿ, ಅದನ್ನು ಸಾಕೆಟ್ಟಿನಿಂದ ತೆಗೆಯಲಿ. ಮತ್ತೆ ಮುಟ್ಟುವುದು ಬೇಡ.

ಪಟ್ಟಿಯಲ್ಲಿ ಮೂರು ಮೂರು ಬಲ್ಬು ಒಂದು ಗುಂಪು. ಕತ್ತರಿಯ ಗುರುತು ಬಿಟ್ಟು ಬೇರೆ ಕಡೆ ಕತ್ತರಿಸಿದರೆ ಆ ಗುಂಪು ಉರಿಯುವುದಿಲ್ಲ. ಅದು ಹಾಗಿರಲಿ. ನೀರಿನ ಮೇಲೆ ತಂತಿ ನೇತಾಡುವುದು ತಮಾಷೆಯಲ್ಲ. ತಪ್ಪಿದರೆ ಬಿಚ್ಚಿ ಹೊಲಿಯಲು ಇದು ಬಟ್ಟೆಯಲ್ಲ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು. ಗಿಡ ಹೋದರೆ ಹೋಗಲಿ.

ಇಲ್ಲಿ ಎಲ್ಲ ಸರಿ ಇದೆ.

ಸೊಸೆ

ಏಪ್ರಿಲ್ ೯

ಸೊಸೆಗೆ,

ಕಾಗದ ತಲುಪಿತು. ಗಿರಾಕಿಗೆ ತಿಳಿಸಿದೆ. ಅವಳು ಇನ್ನು ನನ್ನ ಅಂಗಡಿಗೆ ಬರುವುದಿಲ್ಲ.

ಯಾವಾಗಲೂ ಮುತ್ತು ಪೋಣಿಸಿದ ಹಾಗೆ ಬರೆಯುವವಳು ಈ ಸಲ ಕಾಗೆ ಕಾಲು ಗುಬ್ಬಿ ಕಾಲು ಗೀಚಿದ್ದೀಯ. ಸಿಟ್ಟು ಅಕ್ಷರದಲ್ಲೇ ಕಾಣುತ್ತದೆ. ಹುಟ್ಟುವಾಗಲೇ ಎಲ್ಲ ಕಲಿತು ಬಂದವರು ಯಾರಿದ್ದಾರೋ ನನಗೆ ತಿಳಿಯದು.

ನಿನ್ನ ಗಂಡ ಚೆನ್ನಾಗಿದ್ದಾನೆ. ಮೀನು ಚೆನ್ನಾಗಿವೆ.

ಅತ್ತೆ

ಏಪ್ರಿಲ್ ೩೦

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿ ಹಿಂದೆಂದೂ ಬಂದಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಹಿಂದೆಯೂ ಏನೂ ಇರಲಿಲ್ಲ.

ಆ ಗಿರಾಕಿ ಯಾರೆಂದು ನನಗೆ ಗೊತ್ತು. ಮೊದಲ ಕಾಗದ ಓದಿದಾಗ ನಿಜವಾಗಿಯೂ ಯಾರೋ ಗಿರಾಕಿ ಎಂದುಕೊಂಡೆ. ಆಮೇಲೆ ನಿಮ್ಮ ಮಗ ಫೋನಿನಲ್ಲಿ ನಾನು ಹಲೋ ಅನ್ನುವ ಮೊದಲೇ, "ತೊಟ್ಟಿ ಚೆನ್ನಾಗಿದೆ ಕಣೇ, ತೊಟ್ಟಿಗೇನೂ ಆಗಿಲ್ಲ" ಅಂದರು. ಮದುವೆಯಾದಾಗಿನಿಂದ ಅವರು ಆ ತೊಟ್ಟಿಯ ಕಡೆ ತಿರುಗಿ ನೋಡಿದವರಲ್ಲ. ಅದರ ಮೇಲೆ ನಿಮ್ಮ ಎರಡನೆಯ ಕಾಗದ ಬಂತು. ಕತ್ತರಿಯ ಚಿತ್ರ ನೋಡಿ ಮೈ ಉರಿಸಿಕೊಳ್ಳುವ ಹೆಂಗಸು ಈ ಲೋಕದಲ್ಲಿ ಒಬ್ಬರೇ.

ಇನ್ನು ನನ್ನ ಅಕ್ಷರದ ಕಥೆ. ಆ ಕಾಗದವನ್ನು ಎಡಗೈಯಲ್ಲಿ ಬರೆದೆ. ಎಂಜಿನ್ ಕೋಣೆಯಲ್ಲಿ ಒಂದು ಸ್ವಿಚ್ ಪೆಟ್ಟಿಗೆ ರಿಪೇರಿ ಮಾಡುತ್ತಿದ್ದೆ, ಮೇನ್ ಆಫ್ ಮಾಡಿದ್ದೇವೆ ಅಂದರು ಜೊತೆಯವರು. ಮಾಡಿರಲಿಲ್ಲ. ನಾನೂ ಪರೀಕ್ಷೆ ಮಾಡದೆ ಕೈ ಹಾಕಿದೆ. ಕಿಡಿ ಹಾರಿ ಬಲಗೈ ಸುಟ್ಟಿತು. ಈಗ ಚರ್ಮ ಕೂಡಿಕೊಂಡಿದೆ, ಬೆರಳೆಲ್ಲ ಆಡುತ್ತವೆ, ಹೆದರಬೇಡಿ. ನಿಮ್ಮ ಮಗನಿಗೂ ಹೇಳಿರಲಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಾಗ ನಿಮ್ಮ ಕಾಗದ ಬಂತು. ನೇತಾಡುತ್ತಿದ್ದುದನ್ನು ಕೈಯಲ್ಲೇ ಎತ್ತಿ ಅಂಟಿಸಿದಳು ಎಂದು ಓದಿದೆ. ನಿಮ್ಮ ಕೈ ನನ್ನ ಕೈಯ ಹಾಗಾದದ್ದೇ ಕಣ್ಣ ಮುಂದೆ ಬಂತು. ಭಯವಾಯಿತು ಅತ್ತೆ. ಭಯಕ್ಕೆ ಬಾಯಿಗೆ ಬಂದದ್ದು ಬರೆದೆ.

ಇಲ್ಲಿನ ಬಂದರಿನಲ್ಲಿ ಒಬ್ಬರಿಗೆ ಅಳತೆ ಕೊಟ್ಟು ನಮ್ಮ ತೊಟ್ಟಿಗೆಂದೇ ಲೈಟು ಮಾಡಿಸಿದ್ದೇನೆ, ನೀರು ತಗುಲಿದರೂ ಏನೂ ಆಗದಂಥದ್ದು. ಪಾರ್ಸೆಲ್ ಹೊರಟಿದೆ. ಅದು ಬರುವವರೆಗೆ ನಿಮ್ಮದನ್ನು ಹಚ್ಚಲೇಬೇಕು ಅನ್ನಿಸಿದರೆ ಇಷ್ಟು ಮಾಡಿ. ಅಡಾಪ್ಟರನ್ನು ತೊಟ್ಟಿಯ ಮೇಲೆ ಇಡಬೇಡಿ, ದೂರದ ಗೋಡೆಗೆ ಹಾಕಿ. ಅದರಿಂದ ಬರುವ ತಂತಿ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಮೇಲೆ ಹೋಗಲಿ. ನೀರು ತಂತಿಯ ಮೇಲೆ ಹರಿದು ಬಂದರೂ ಆ ಜೋತಿನಲ್ಲಿ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹತ್ತುವುದಿಲ್ಲ. ಒಳಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಡಿ. ಬೇರೆಯವರ ಮಾತು ನಂಬಬೇಡಿ.

ಗಿಡ ಇದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ನೀವೇ ಬರೆದಾಗ ತಿಳಿದುಕೊಳ್ಳುತ್ತೇನೆ.

ನಿಮ್ಮ ಸೊಸೆ

ಮೇ ೨೪

ಏ ಹುಡುಗಿ,

ಮೊದಲು ಬೈಗುಳ ತಗೋ. ಕೈ ಸುಟ್ಟುಕೊಂಡು "ಇಲ್ಲಿ ಎಲ್ಲ ಸರಿ ಇದೆ" ಎಂದು ಬರೆದಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ನಾನು ಇಲ್ಲದ ಗಿರಾಕಿಯನ್ನು ಹುಟ್ಟಿಸಿದೆ, ನೀನು ಇರುವ ಕೈಯನ್ನೇ ಬಚ್ಚಿಟ್ಟೆ. ನಿನ್ನ ಸುಳ್ಳೇ ದೊಡ್ಡದು. ಕಾಗದ ಓದಿ ಮುಗಿಸಿ ನಿನ್ನ ಗಂಡನಿಗೂ ಬೈದೆ, ಅವನಿಗೆ ಯಾಕೆಂದು ಗೊತ್ತಾಗಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ಇಲ್ಲಿ ಸೊಸೆ ಮೇಲಿನ ಕೋಪ ಮಗನ ಮೇಲೆ ಹೋಯಿತು. ದಿನಾ ಆ ಕೈಗೆ ಮುಲಾಮು ಹಚ್ಚುತ್ತಿದ್ದೀಯಾ, ನಿಜ ಬರೆ.

ಲೈಟು ಹೋದದ್ದನ್ನು ಯಾಕೆ ಮುಚ್ಚಿಟ್ಟೆ ಗೊತ್ತಾ? ಆ ಕೆರೆಯನ್ನು ಎತ್ತಿ ಬೀದಿಗೆ ಹಾಕ್ತೀನಿ ಅಂತ ಬೀದಿಗೆಲ್ಲ ಕೇಳುವ ಹಾಗೆ ನೂರು ಸಲ ಅಂದವಳು ನಾನು. ನೀನು ಹಡಗು ಹತ್ತಿದ ಮೇಲೆ ಗಿಡ ಸತ್ತಿತು ಎಂದರೆ, ಅತ್ತೆ ಮಾಡಿದ ಕೆಲಸ ಅಂತ ನೀನು ಬಾಯಿಬಿಟ್ಟು ಅನ್ನದಿದ್ದರೂ ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಅದಾದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಹೇಗಿರುವುದು? ನಿನ್ನ ಅಪ್ಪನ ವಿಷಯ ಓದಿದ ಮೇಲಂತೂ ನನಗೆ ಊಟ ರುಚಿಸಲಿಲ್ಲ.

ಈಗ ಕೇಳು. ನಿನ್ನ ಎಡಗೈ ಕಾಗದ ಬಂದ ದಿನವೇ ಪ್ಲಗ್ ಕಿತ್ತೆ. ಸಿಟ್ಟಿನಲ್ಲಿ ಎರಡು ದಿನ ತೊಟ್ಟಿಯ ಕಡೆ ನೋಡಲಿಲ್ಲ. ಸಾಲುಗಳ ಕತ್ತಲೆ ತುದಿ ಇಷ್ಟು ದಿನ ಬಿದ್ದಿದ್ದು ಬಲಮೂಲೆಗೇ, ಆಮೇಲೆ ನೋಡಿದರೆ ಅಲ್ಲಿನ ಗಿಡದ ಎಲೆಗಳೆಲ್ಲ ಕರಗಿ ಬುಡವೊಂದು ಉಳಿದಿತ್ತು. ಅಳು ಬಂತು. ಅತ್ತು ಮುಗಿಸಿ ಇಸ್ತ್ರಿ ಮಾಡಲು ನಿಂತೆ, ಮಾರನೆಯ ದಿನ ಕೊಡಬೇಕಾದ ಅಂಗಿಗಳಿದ್ದವು. ಪೆಟ್ಟಿಗೆಯ ಬಿಸಿ ಕಂಬಳಿಯೊಳಗೆ ನಿಂತದ್ದು ಕೈಗೆ ತಗುಲಿದಾಗ ತಲೆಗೆ ಹೊಳೆಯಿತು. ಬಿಸಿ ನಿಲ್ಲಲಿ ಎಂದೇ ಅಲ್ಲವಾ ಮೇಜಿಗೆ ಕಂಬಳಿ ಹಾಸುವುದು! ಮಗುವಿಗೆ ಕಂಬಳಿ ಹೊದಿಸಿ ಬೆವರು ಯಾಕೆ ಬಂತು ಎಂದು ಕೇಳುವವಳ ಹಾಗಾಗಿತ್ತು ನನ್ನ ಕಥೆ. ಬಿಸಿ ಹೊರಗೆ ಹೋಗಬೇಕಾದರೆ ಲೋಹ ಬೇಕು. ಪರದೆ ನೇತುಹಾಕುವ ಅಗಲದ ಅಲ್ಯೂಮಿನಿಯಂ ಪಟ್ಟಿಗಳು ನನ್ನ ಹತ್ತಿರ ಇದ್ದವು, ಮೂರನ್ನು ಜೋಡಿಸಿದೆ.

ಎಲ್‌ಇಡಿಯನ್ನು ಈ ಸಲ ಗುರುತಿದ್ದಲ್ಲೇ ಕತ್ತರಿಸಿದೆ. ಹೌದು, ಆ ಚಿತ್ರದ ಮೇಲೇ. ಒಂದು ತುದಿಯಲ್ಲಿ ಸ್ವಲ್ಪ ಮೋಟಾಯಿತು, ತೊಟ್ಟಿಯ ಎಡಮೂಲೆಗೆ ಬೆಳಕು ಕಡಿಮೆ. ಅದೇ ಒಳ್ಳೆಯದಾಯಿತು, ಮಧ್ಯಾಹ್ನ ಮೀನುಗಳೆಲ್ಲ ಆ ನೆರಳಿಗೆ ಹೋಗಿ ನಿಲ್ಲುತ್ತವೆ.

ಅಂಟನ್ನು ಮತ್ತೆ ನಂಬಲಿಲ್ಲ. ನಾನು ಜನ್ಮದಲ್ಲಿ ಅಂಟಿಸಿದ ಬಟ್ಟೆಯನ್ನು ಯಾರಿಗೂ ಕೊಟ್ಟವಳಲ್ಲ. ಬೀಗ ರಿಪೇರಿಯವನ ಡ್ರಿಲ್ಲು ಇಸಿದುಕೊಂಡು ಬಂದು ಲೋಹಕ್ಕೆ ಎರಡೂ ಬದಿಯಲ್ಲಿ ತೂತು ಹೊಡೆದೆ. ನೈಲಾನ್ ದಾರ ತಂದು ಬಲ್ಬು ಬಲ್ಬಿನ ನಡುವೆ ಅಡ್ಡ ಹೊಲಿಗೆ ಹಾಕಿ ಬಿಗಿದೆ. ದಾರ ಪಟ್ಟಿಯ ಮೇಲೆ ಹಾಯುತ್ತದೆ, ಪಟ್ಟಿಯನ್ನು ಚುಚ್ಚುವುದಿಲ್ಲ. ಮೀನಿಗೆ ಗಾಳ ಹಾಕುವ ದಾರ ಅದು, ಮೀನಿನ ಉಪಕಾರಕ್ಕೆ ಬಂದದ್ದು ಇದೇ ಮೊದಲಿರಬೇಕು. ಕೊನೆಗೆ ನೀರು ಇಳಿಯದಿರಲಿ ಎಂದು ಗಾಜಿಗೆ ಹಚ್ಚುವ ಸಿಲಿಕಾನ್ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಬಳಿದು ಒಣಗಿಸಿದೆ.

ಹತ್ತಿತು ಕಣೇ. ಒಂದು ಬಲ್ಬೂ ತಪ್ಪದೆ ಹತ್ತಿತು. ನಿನ್ನ ಗಂಡ ಬಾಗಿಲಲ್ಲಿ ನಿಂತು, "ಅಮ್ಮಾ, ಮುಟ್ಬೇಡ, ಮುಟ್ಬೇಡ" ಎಂದು ಕೂಗುತ್ತಿದ್ದ. ನಾನು ಮುಟ್ಟಿ ನೋಡಿದೆ. ತಣ್ಣಗಿಲ್ಲ, ಬೆಚ್ಚಗಿತ್ತು ಅಷ್ಟೆ.

ಆಮೇಲೆ ಒಂದು ಎಡವಟ್ಟು ಮಾಡಿದೆ. ಎಂಟು ಗಂಟೆ ಸಾಕು ಎಂದು ನೀನು ಬರೆದದ್ದು ನೆನಪಿತ್ತು, ಆದರೆ ಇಷ್ಟು ಚೆಂದದ ಬೆಳಕನ್ನು ಆರಿಸಲು ಮನಸ್ಸು ಬರಲಿಲ್ಲ. ಎದ್ದಾಗಿನಿಂದ ಮಲಗುವವರೆಗೆ ಉರಿಸಿದೆ. ವಾರದಲ್ಲಿ ನೀರೆಲ್ಲ ಪಾಚಿಗಟ್ಟಿ ಹಸಿರು ಹಸಿರಾಯಿತು, ಮೀನು ಎಲ್ಲಿವೆ ಎಂದು ಹುಡುಕಬೇಕಾಯಿತು. ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ಬದಲಿಸಿ ಸೊಂಟ ಬಿದ್ದುಹೋಯಿತು. ಈಗ ಅಂಗಡಿ ತೆರೆದಾಗ ಹಾಕುತ್ತೇನೆ, ಮುಚ್ಚುವಾಗ ಆರಿಸುತ್ತೇನೆ. ನಿನ್ನ ಕಾಗದ ಬಂದ ಮೇಲೆ ಅಡಾಪ್ಟರನ್ನೂ ಆ ಗೋಡೆಗೆ ಹಾಕಿ ತಂತಿಯನ್ನು ಜೋತು ಬಿಟ್ಟಿದ್ದೇನೆ.

ಇನ್ನು ನೀನು ಕೇಳದೆ ಬಿಟ್ಟದ್ದು. ಹೋದ ಸೋಮವಾರ ಆ ಬುಡದ ನಡುವೆ ಒಂದು ಎಲೆ ಬಂದಿದೆ. ಸುತ್ತಿಕೊಂಡಿತ್ತು, ಸೂಜಿಯಷ್ಟೇ ಇತ್ತು, ಈಗ ಬಿಚ್ಚಿಕೊಂಡಿದೆ. ಪಕ್ಕದಲ್ಲಿ ಇನ್ನೊಂದು ಬರುತ್ತಿದೆ. ನಿನ್ನ ಅಪ್ಪನ ಗಿಡ ಬದುಕಿತು. ನನ್ನ ಬೆಳಕಿನಲ್ಲಿ ಬದುಕಿತು.

ನಿನ್ನ ಪಾರ್ಸೆಲ್ ಬಂದಿದೆ. ಬಿಚ್ಚಿ ನೋಡಿದೆ, ಕನ್ನಡಿಯ ಹಾಗಿದೆ, ಅಳತೆಯೂ ಸರಿಯಾಗಿದೆ. ನನ್ನದು ಅದರ ಪಕ್ಕದಲ್ಲಿ ಭಿಕ್ಷುಕನ ಹಾಗೆ ಕಾಣುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೇನೋ ಅದೇ ಚೆಂದ. ಆದರೆ ತೊಟ್ಟಿ ನಿನ್ನದು, ಗಿಡ ನಿನ್ನದು. ನೀನು ಬದಲಿಸು ಅಂದರೆ ಬದಲಿಸುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಮಾಡಿಕೊಳ್ಳುತ್ತೇನೆ.

ಎರಡು ಫೋಟೋ ಇಟ್ಟಿದ್ದೇನೆ. ಒಂದು ಮೇಲಿನದು, ಒಂದು ಅಡಿಯದು. ಹೊಲಿಗೆ ನೋಡು.

ಅತ್ತೆ

ಜೂನ್ ೧೨

ಅತ್ತೆ,

ಮುಲಾಮು ದಿನಾ ಹಚ್ಚುತ್ತಿದ್ದೇನೆ, ನಿಮ್ಮಾಣೆ.

ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಬೆಸುಗೆ ನೋಡಿದೆ, ತುದಿ ಮುಚ್ಚಿದ್ದು ನೋಡಿದೆ, ತಂತಿಯ ಜೋತು ನೋಡಿದೆ. ಒಂದೇ ಒಂದು ತಪ್ಪು ಸಿಕ್ಕಿದೆ. ತಂತಿ ಗಾಜಿನ ಅಂಚಿನ ಮೇಲೆ ಹಾಯುವಲ್ಲಿ ಉಜ್ಜಿ ಸವೆಯಬಹುದು, ಅಲ್ಲಿ ಒಂದು ತುಂಡು ರಬ್ಬರ್ ಕೊಳವೆ ಹಾಕಿ. ಮಿಕ್ಕಿದ್ದೆಲ್ಲ ಪಾಸು. ನಾನು ಮುಖ ನೋಡಿ ಪಾಸು ಮಾಡುವವಳಲ್ಲ, ಇಲ್ಲಿ ಯಾರನ್ನು ಬೇಕಾದರೂ ಕೇಳಿ.

ನಮ್ಮ ಚೀಫ್ ಎಂಜಿನಿಯರಿಗೂ ತೋರಿಸಿದೆ. ಅವರು ಬಹಳ ಹೊತ್ತು ಹೊಲಿಗೆಯನ್ನೇ ನೋಡಿ, "ಎಂಜಿನ್ ಇಷ್ಟು ಅದುರತ್ತೆ, ನಾವೂ ತಂತೀನ ಹೀಗೇ ಕಟ್ಟಬೇಕಿತ್ತು. ಯಾರು ಮಾಡಿದ್ದು?" ಅಂದರು. ನಮ್ಮತ್ತೆ ಅಂದೆ. ಅವತ್ತು ಊಟಕ್ಕೆ ಕೂತವರ ಕೈಯಲ್ಲೆಲ್ಲ ಫೋಟೋ ಒಂದು ಸುತ್ತು ಬಂತು. ನಾನು ಬಿಗಿದುಕೊಂಡು ಕೂತಿದ್ದೆ.

ಎಲೆಯ ಸುದ್ದಿ ಓದಿದಾಗ ಮಾತ್ರ ನನ್ನ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಿಮ್ಮ ಋಣ ಎಂದು ಬರೆದರೆ ನೀವು ಬೈಯುತ್ತೀರಿ.

ಲೈಟು ಬದಲಿಸಬೇಡಿ. ಅಪ್ಪ ಕೈಯಾರೆ ಕಟ್ಟಿದ ತೊಟ್ಟಿಗೆ ನೀವು ಕೈಯಾರೆ ಮಾಡಿದ್ದೇ ಇರಲಿ. ಪಾರ್ಸೆಲ್‌ನಲ್ಲಿ ಬಂದದ್ದನ್ನು ನಿಮ್ಮ ಹೊಲಿಗೆ ಮಿಷನ್ನಿನ ಮೇಲೆ ಹಾಕಿಸಿ. ಇಷ್ಟು ವರ್ಷ ಆ ಹಳದಿ ಬಲ್ಬಿನ ಕೆಳಗೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುತ್ತಾ ಕೂತಿದ್ದೀರಿ. ನಾನು ದಿನಾ ಅದೇ ಕೋಣೆಗೆ ಬಂದು ಮೀನಿಗೆ ಬೆಳಕು ಸಾಕೋ ಎಂದು ಬಗ್ಗಿ ನೋಡಿ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತವರಿಗೆ ಸಾಕೋ ಎಂದು ಒಂದು ದಿನವೂ ಕೇಳಲಿಲ್ಲ.

ಆಗಸ್ಟಿನಲ್ಲಿ ಬರುತ್ತೇನೆ.

ನಿಮ್ಮ ಸೊಸೆ

ಜುಲೈ ೨

ನನ್ನ ಸೊಸೆಗೆ,

ರಬ್ಬರ್ ಕೊಳವೆ ಹಾಕಿದೆ. ಗಿಡಕ್ಕೆ ಐದು ಎಲೆ.

ನೀನು ಕಳಿಸಿದ ಲೈಟು ಮಿಷನ್ನಿನ ಮೇಲೆ ಹತ್ತಿದೆ. ಪ್ಲಗ್ ಕಿತ್ತು ಕಣ್ಣ ಮುಂದಿಟ್ಟುಕೊಂಡು ನಾನೇ ಹಾಕಿದೆ, ಯಾರನ್ನೂ ಕರೆಯಲಿಲ್ಲ. ಹತ್ತಿಸಿದ ಮೇಲೆ ಮೊದಲು ಸೂಜಿಗೆ ದಾರ ಪೋಣಿಸಿ ನೋಡಿದೆ. ಸೂಜಿಯ ಕಣ್ಣು ಕಾಣುತ್ತದೆ ಕಣೇ. ಹಿಂದಿನ ವಾರ ಹೊಲಿದಿದ್ದ ಕಪ್ಪು ಕೋಟನ್ನು ಇದರ ಕೆಳಗೆ ಹಿಡಿದು ನೋಡಿ ನಾಚಿಕೆಯಾಯಿತು, ತೋಳು ಬಿಚ್ಚಿ ಮತ್ತೆ ಹೊಲಿದುಕೊಟ್ಟೆ.

ಈಗ ಅಂಗಡಿಗೆ ಬಂದವರೆಲ್ಲ ಅಳತೆ ಕೊಡುವ ಮೊದಲು ತಲೆಯೆತ್ತಿ ಅದನ್ನೇ ನೋಡುತ್ತಾರೆ. "ಈ ಲೈಟು ಎಲ್ಲಿ ತಂದ್ರಿ? ಬಹಳ ಚೆನ್ನಾಗಿದೆ" ಅನ್ನುತ್ತಾರೆ. ನನ್ನ ಸೊಸೆ ಸಮುದ್ರದಾಚೆಯಿಂದ ಕಳಿಸಿದ್ದು, ಇಡೀ ಹಡಗಿಗೆ ಅವಳೊಬ್ಬಳೇ ಎಲೆಕ್ಟ್ರಿಷಿಯನ್ನು, ಅವಳು ಕೈ ಹಿಡಿದರೆ ಹಡಗು, ಬಿಟ್ಟರೆ ಕತ್ತಲೆ ಅನ್ನುತ್ತೇನೆ. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ನೀನು ಬಂದಾಗ ಯಾರಾದರೂ ಕೇಳಿದರೆ ಹೂಂ ಅನ್ನು.

ಆಮೇಲೆ, "ಅದಿರಲಿ, ನೀವು ಈ ಕಡೆ ಬನ್ನಿ" ಎಂದು ಅವರ ಕೈ ಹಿಡಿದು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಅತ್ತೆ